ಹಾಡು ಒಬ್ಬನದು, ಒಡೆತನ ಇನ್ನೊಬ್ಬನದು

ಇತ್ತೀಚಿನ ವರ್ಷಗಳಲ್ಲಿ ನಮ್ಮ ಮನೆಗಳ ಜಗಲಿಯಲ್ಲೂ ಬಸ್ಸಿನ ಹಿಂದಿನ ಸೀಟುಗಳಲ್ಲೂ ಕೇಳಿಬರುತ್ತಿರುವ 'ರಾಪ್' ಎಂಬ ಹಾಡುಗಾರಿಕೆಯ ಬಗ್ಗೆ ಹಿರಿಯರಲ್ಲಿ ಸಾಕಷ್ಟು ಅಸಮಾಧಾನವಿದೆ. ತಾಳವಿದೆ, ರಾಗವಿಲ್ಲ, ಮಾತಿದೆ, ಮರ್ಯಾದೆಯಿಲ್ಲ ಎಂಬ ದೂರನ್ನು ನಾವು ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿಯೂ ಕೇಳಿದ್ದೇವೆ. ಆ ಕಲೆಯ ಗುಣಾವಗುಣಗಳ ವಿಮರ್ಶೆ ಇಲ್ಲಿ ನಮ್ಮ ಉದ್ದೇಶವಲ್ಲ. ತಾಳಮದ್ದಳೆಯಲ್ಲಿ ಅರ್ಥಧಾರಿಗಳಿಬ್ಬರ ಆಶುಮಾತಿನ ಹೋರಾಟವನ್ನು ರಾತ್ರಿಯಿಡೀ ಕುಳಿತು ಕೇಳಿದ ನಾಡಿನವರಿಗೆ, ಮಾತನ್ನೇ ಆಯುಧವಾಗಿಸಿಕೊಂಡ ಕಲೆಯೊಂದು ತೀರಾ ಪರಕೀಯವೆನಿಸಬೇಕಾಗಿಲ್ಲ ಎಂದಷ್ಟೇ ಹೇಳಿ ಮುಂದುವರಿಯುತ್ತೇವೆ. ನಾವು ಇಂದು ಪ್ರಸ್ತಾಪಿಸಹೊರಟಿರುವುದು ಆ ಹಾಡಿನ ಹಿಂದಿರುವ ಕರಾರು ಪತ್ರದ ವಿಚಾರವನ್ನು.

ದೂರದ ಅಮೆರಿಕದ ಕರಾರು ಪತ್ರಕ್ಕೂ ನಮಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. 1984ರಲ್ಲಿ ನ್ಯೂಯಾರ್ಕಿನ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಆರಂಭವಾದ 'ಡೆಫ್ ಜಾಮ್' ಎಂಬ ಧ್ವನಿಮುದ್ರಣ ಸಂಸ್ಥೆ ಇಂದು ಜಗತ್ತಿನ ಅತಿ ದೊಡ್ಡ ಸಂಗೀತ ಕಂಪೆನಿಯಾದ ಯೂನಿವರ್ಸಲ್‌ನ ಅಂಗವಾಗಿದೆ. 2022ರಲ್ಲಿ ಅದು ಭಾರತದಲ್ಲಿಯೂ ತನ್ನ ಶಾಖೆಯನ್ನು ತೆರೆಯಿತು. ಮಲಪ್ಪುರಂ ಜಿಲ್ಲೆಯಲ್ಲಿ ಹುಟ್ಟಿದ ಹನುಮಾನ್‌ಕೈಂಡ್ ಎಂಬ ಯುವಕ ಜಾತ್ರೆಯ ಮರಣಬಾವಿಯ ನಡುವೆ ನಿಂತು ಹಾಡಿದ ಇಂಗ್ಲಿಷ್ ಹಾಡು 2024ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯನ್ನೇ ಏರಿತು. ಅದನ್ನು ಕಂಡು ಊರೂರಿನ ಹುಡುಗರಿಗೆ ತಾವೂ ಹಾಡಬಹುದೆಂಬ ಹುಮ್ಮಸ್ಸು ಬಂದಿದ್ದರೆ ಆಶ್ಚರ್ಯವಿಲ್ಲ, ಅದು ತಪ್ಪೂ ಅಲ್ಲ. ಆದರೆ ಹಾಡು ಬರುವ ಹಾದಿಯಲ್ಲೇ ಅಲ್ಲಿನ ವ್ಯಾಪಾರದ ಪದ್ಧತಿಯೂ ಬರುತ್ತದೆ. ಆದುದರಿಂದ ಆ ಪದ್ಧತಿ ಹುಟ್ಟಿದಲ್ಲಿ ಹೇಗೆ ನಡೆದುಕೊಂಡಿದೆ ಎಂಬುದನ್ನು ತಿಳಿದಿರುವುದು ಮೇಲು.

ಈ ಕಲೆ 1973ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡ ಪ್ರದೇಶದ ವಠಾರವೊಂದರ ಮೋಜುಕೂಟದಲ್ಲಿ ಹುಟ್ಟಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆರು ವರ್ಷ ಅದು ಬೀದಿಯಲ್ಲೇ ಬೆಳೆಯಿತು. ಯಾವ ಕಂಪೆನಿಯೂ ತಿರುಗಿ ನೋಡಲಿಲ್ಲ. 1979ರಲ್ಲಿ ನೆರೆಯ ನ್ಯೂಜೆರ್ಸಿಯ 'ಶುಗರ್ ಹಿಲ್' ಎಂಬ ಸಣ್ಣ ಸಂಸ್ಥೆ ಮೂವರು ಹುಡುಗರನ್ನು ಹಿಡಿದುತಂದು 'ರಾಪರ್ಸ್ ಡಿಲೈಟ್' ಎಂಬ ತಟ್ಟೆಯನ್ನು ಹೊರಡಿಸಿತು. ಅದು ಲೋಕಪ್ರಸಿದ್ಧವಾಯಿತು. ಆ ಮೂವರಲ್ಲಿ ಒಬ್ಬನು ಹಾಡಿದ ಸಾಲುಗಳು ಅವನವಲ್ಲ, ಬ್ರಾಂಕ್ಸಿನ ಗ್ರಾಂಡ್‌ಮಾಸ್ಟರ್ ಕ್ಯಾಜ್ ಎಂಬ ಕವಿಯ ನೋಟುಪುಸ್ತಕದವು. ತಟ್ಟೆಯ ಮೇಲೆ ಕ್ಯಾಜ್‌ನ ಹೆಸರಿರಲಿಲ್ಲ; ಹಣವೂ ಬರಲಿಲ್ಲ. ಅದೇ ಹಾಡಿಗೆ ಹಿನ್ನೆಲೆಯಾಗಿ ಬಳಸಿಕೊಂಡ ವಾದ್ಯಸಂಗೀತವು 'ಶಿಕ್' ಎಂಬ ಹೆಸರಾಂತ ತಂಡದ್ದಾಗಿತ್ತು. ಆ ತಂಡದವರು ನ್ಯಾಯಾಲಯಕ್ಕೆ ಹೋಗುವ ಬೆದರಿಕೆ ಹಾಕಿದ ಕೂಡಲೇ ಅವರ ಹೆಸರು ಕರ್ತೃಗಳ ಜಾಗದಲ್ಲಿ ಬಂತು. ಇಬ್ಬರಿಂದಲೂ ಎತ್ತಿದ್ದೇ, ವಕೀಲನಿದ್ದವನಿಗೆ ಪಾಲು, ಇಲ್ಲದವನಿಗೆ ಇಲ್ಲ. ಮೊದಲ ದೊಡ್ಡ ತಟ್ಟೆಯಲ್ಲೇ ಹೀಗಾದುದನ್ನು ಗಮನಿಸಬೇಕು. ಇನ್ನೊಂದು ಮಾತು: ಶುಗರ್ ಹಿಲ್ ನಡೆಸುತ್ತಿದ್ದ ಸಿಲ್ವಿಯಾ ರಾಬಿನ್‌ಸನ್ ತಾನೇ ಒಬ್ಬ ಗಾಯಕಿ, ಕರಿಯ ಜನಾಂಗದವಳು. ನಮ್ಮವರು ಎಂಬ ಒಂದೇ ಕಾರಣಕ್ಕೆ ಲೆಕ್ಕಪತ್ರ ಸರಿಯಾಗಿರುತ್ತದೆಂದು ನಂಬುವಂತಿಲ್ಲ.

ಇನ್ನು ಕರಾರಿನ ಒಳಗುಟ್ಟು. ಕಂಪೆನಿಯವರು ಹೊಸ ಹಾಡುಗಾರನಿಗೆ ಒಂದು ಮೊತ್ತವನ್ನು ಮುಂಗಡವಾಗಿ ಕೊಡುತ್ತಾರೆ. ಹಳೆಯ ಕಾರು, ಬಾಡಿಗೆ ಮನೆ, ಸಾಲದ ಹೊರೆ ಇವುಗಳ ನಡುವೆ ಬೆಳೆದ ಹುಡುಗನಿಗೆ ಅದು ಭಾಗ್ಯದ ಬಾಗಿಲು ತೆರೆದಂತೆ ಕಾಣುತ್ತದೆ. ಮನೆಮಂದಿ ಅದನ್ನು ಸಂಬಳವೆಂದೋ ಬಹುಮಾನವೆಂದೋ ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಸಾಲ; ಅವನ ಹಾಡಿನ ದುಡಿಮೆಯಿಂದಲೇ ತೀರಬೇಕಾದ ಸಾಲ. ಸ್ಟುಡಿಯೋದ ಬಾಡಿಗೆ, ಸಂಗೀತ ನಿರ್ದೇಶಕನ ಶುಲ್ಕ, ವೀಡಿಯೋ ಚಿತ್ರದ ಖರ್ಚಿನ ಒಂದು ಪಾಲು, ಹೀಗೆ ಒಂದೊಂದಾಗಿ ಅವನ ಲೆಕ್ಕಕ್ಕೇ ಬರೆಯಲ್ಪಡುತ್ತವೆ. ಆದರೆ ಈ ಸಾಲ ತೀರುವುದು ಒಟ್ಟು ಆದಾಯದಿಂದಲ್ಲ, ಆದಾಯದಲ್ಲಿ ಅವನಿಗೆಂದು ಇಟ್ಟ ಸಣ್ಣ ಪಾಲಿನಿಂದ ಮಾತ್ರ. ಮೋಸವೆನ್ನಿ, ಜಾಣತನವೆನ್ನಿ, ಎಲ್ಲವೂ ಇರುವುದು ಈ ಒಂದು ವಾಕ್ಯದಲ್ಲಿ.

ಎಂಟನೆಯ ತರಗತಿಯ ಹುಡುಗನೂ ಮಾಡಬಹುದಾದ ಒಂದು ಲೆಕ್ಕವನ್ನು ಉದಾಹರಣೆಗಾಗಿ ನೋಡೋಣ. ಮುಂಗಡ ಮತ್ತು ಖರ್ಚು ಸೇರಿ 10 ಲಕ್ಷ ರೂಪಾಯಿ. ಹಾಡುಗಾರನ ಪಾಲು ನೂರಕ್ಕೆ 20. ಹಾಡಿನಿಂದ 40 ಲಕ್ಷ ರೂಪಾಯಿ ಬಂತೆನ್ನಿ. ಹಾಡುಗಾರನ ಪಾಲು 8 ಲಕ್ಷ; ಅದು ಸಾಲಕ್ಕೆ ಜಮೆಯಾಯಿತು. ಇನ್ನೂ 2 ಲಕ್ಷ ಅವನೇ ಬಾಕಿ! ಅತ್ತ ಕಂಪೆನಿ 10 ಲಕ್ಷ ಹಾಕಿ 40 ಲಕ್ಷ ತೆಗೆದಾಗಿದೆ. ಹಾಡು 50 ಲಕ್ಷ ದುಡಿದಾಗಲಷ್ಟೇ ಹುಡುಗನ ಲೆಕ್ಕ ಸೊನ್ನೆಗೆ ಬರುತ್ತದೆ. ಅಷ್ಟರಲ್ಲಿ ಎರಡನೆಯ ಹಾಡಿನ ಮುಂಗಡವೂ ಸಂದಿರುತ್ತದೆ. ಹಳೆಯ ಬಾಕಿಯೂ ಹೊಸ ಸಾಲವೂ ಒಂದೇ ಖಾತೆಗೆ ಸೇರುತ್ತವೆ. ಇಷ್ಟೆಲ್ಲ ಆಗಿ, ಸಾಲ ಪೂರ್ಣ ತೀರಿದ ಮೇಲೂ 'ಮಾಸ್ಟರ್' ಎನ್ನಲಾಗುವ ಮೂಲಮುದ್ರಿಕೆಯ ಒಡೆತನ ಕಂಪೆನಿಯದೇ. ಮನೆ ಕಟ್ಟಲು ಬ್ಯಾಂಕು ಸಾಲ ಕೊಟ್ಟರೆ ಸಾಲ ತೀರಿದಂದು ಆಧಾರಪತ್ರ ಹಿಂದೆ ಬರುತ್ತದೆ. ಇಲ್ಲಿ ಹಾಗಿಲ್ಲ.

ಧನಿ-ಒಕ್ಕಲು ಸಂಬಂಧವನ್ನು ಕಂಡ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಚಾಲಗೇಣಿಯ ಒಕ್ಕಲು ಬಿತ್ತನೆಗೆ ತಂದ ಸಾಲ ಕೊಯ್ಲಿನಲ್ಲಿ ಕಡಿತವಾಗಿ, ಅಂಗಳದಲ್ಲಿ ಅಳೆದ ಭತ್ತ ಧನಿಯ ಪತ್ತಾಯಕ್ಕೆ ಹೋಗುತ್ತಿದ್ದ ಕಾಲವದು. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿಪದ್ಧತಿ ರದ್ದಾಯಿತು. ಆದರೆ ಆ ಪದ್ಧತಿಯಲ್ಲಿ ಭೂಮಿಯಾದರೂ ಮೊದಲಿನಿಂದ ಧನಿಯದಾಗಿತ್ತು. ಹಾಡಿನ ವ್ಯವಹಾರದಲ್ಲಿ ಭೂಮಿಯೂ ಒಕ್ಕಲಿನದೇ, ಬೆಳೆಯೂ ಅವನದೇ. ಒಂದು ಸಹಿಯಿಂದ ಎರಡೂ ಧನಿಯದಾಗುತ್ತವೆ.

ಇದು ಬರಿಯ ಕಾಗದದ ಲೆಕ್ಕವಲ್ಲ. ಅಟ್ಲಾಂಟಾದ ಟಿಎಲ್‌ಸಿ ಎಂಬ ಮೂವರು ಯುವತಿಯರ ತಂಡ 1994ರಲ್ಲಿ ಹೊರತಂದ ಸಂಪುಟ ಮುಂದೆ ಅಮೆರಿಕದಲ್ಲಿಯೇ ಒಂದು ಕೋಟಿ ಪ್ರತಿಗಳ ಮನ್ನಣೆ ಪಡೆಯಿತು. ತಂಡದಲ್ಲಿ ರಾಪ್ ಹಾಡುತ್ತಿದ್ದವಳು ಲೀಸಾ ಲೋಪೆಸ್. ಹಾಡುಗಳು ಪಟ್ಟಿಯ ತುದಿಯಲ್ಲಿದ್ದ 1995ರಲ್ಲೇ ಆ ಮೂವರೂ ದಿವಾಳಿ ಅರ್ಜಿ ಸಲ್ಲಿಸಿದರು. ಮರುವರ್ಷ ಗ್ರ್ಯಾಮಿ ಪ್ರಶಸ್ತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಪತ್ರಕರ್ತರ ಮುಂದೆ ತಮ್ಮಲ್ಲಿ ಹಣವಿಲ್ಲವೆಂದು ಹೇಳಬೇಕಾಯಿತು. ಲಾಸ್ ಏಂಜಲಿಸ್ ಬಳಿಯ ಕಾಂಪ್ಟನ್ನಿನ ಎನ್‌ಡಬ್ಲ್ಯೂಎ ತಂಡದಲ್ಲಿ ಸಾಹಿತ್ಯದ ಬಹುಭಾಗ ಬರೆಯುತ್ತಿದ್ದ ಐಸ್ ಕ್ಯೂಬ್, ವಕೀಲನಿಗೆ ತೋರಿಸದೆ ಸಹಿ ಹಾಕಲಾರೆನೆಂದು ಪಟ್ಟುಹಿಡಿದು, ಲೆಕ್ಕದ ತಕರಾರಿನಿಂದಾಗಿ 1989ರ ಕೊನೆಯಲ್ಲಿ ಹೊರಬಂದ. ಆಗ ಅವನಿಗೆ ಇಪ್ಪತ್ತು ವರ್ಷ. ಆ ವಯಸ್ಸಿನಲ್ಲಿ ಅಷ್ಟು ಎಚ್ಚರ ಎಷ್ಟು ಮಂದಿಗೆ ಇರುತ್ತದೆ?

ಈ ಶತಮಾನದಲ್ಲಿ ಕುಣಿಕೆ ಇನ್ನಷ್ಟು ಬಿಗಿಯಾಯಿತು. ಅಮೆರಿಕದ ಧ್ವನಿಮುದ್ರಣ ಉದ್ಯಮ 1999ರಲ್ಲಿ 1,460 ಕೋಟಿ ಡಾಲರುಗಳ ವ್ಯಾಪಾರ ಮಾಡಿತ್ತು. ಅಂತರ್ಜಾಲದಲ್ಲಿ ಹಾಡು ಪುಕ್ಕಟೆ ಸಿಗತೊಡಗಿದ ಮೇಲೆ, 2014ರ ಹೊತ್ತಿಗೆ ಅದು ಅರ್ಧಕ್ಕೆ ಇಳಿಯಿತು. ನಷ್ಟ ತುಂಬಿಕೊಳ್ಳಲು ಕಂಪೆನಿಗಳು ಕಂಡುಕೊಂಡ ಉಪಾಯವೇ '360 ಡಿಗ್ರಿ' ಕರಾರು. ಹೆಸರೇ ಹೇಳುವಂತೆ ಸುತ್ತಲೂ ಬೇಲಿ. ಹಿಂದೆ ಧ್ವನಿಮುದ್ರಿಕೆಯ ಆದಾಯವಷ್ಟೇ ಕಂಪೆನಿಯದಾಗಿತ್ತು. ಊರೂರಿನ ಕಾರ್ಯಕ್ರಮದಿಂದ ಬಂದದ್ದು ಕಲಾವಿದನ ಅನ್ನವಾಗಿತ್ತು. ಈಗ ಕಾರ್ಯಕ್ರಮದ ಟಿಕೇಟು, ಹೆಸರು ಮುದ್ರಿಸಿದ ಅಂಗಿ-ಟೋಪಿಯ ಮಾರಾಟ, ಜಾಹೀರಾತು ಯಾ ಸಿನೆಮಾದಿಂದ ಬಂದ ಸಂಭಾವನೆ, ಎಲ್ಲದರಲ್ಲಿಯೂ ಕಂಪೆನಿಗೆ ಪಾಲು. ಮೊಬೈಲಿನಲ್ಲಿ ಹಾಡು ಕೇಳಿಸುವ ಸಂಸ್ಥೆಗಳು ತಮ್ಮ ಆದಾಯದ ಸುಮಾರು ಮೂರರಲ್ಲಿ ಎರಡು ಪಾಲನ್ನು ಹಕ್ಕುದಾರರಿಗೆ ಕೊಡುತ್ತವೆ ಎನ್ನುತ್ತಾರಲ್ಲ, ಆ ಹಕ್ಕುದಾರ ಬಹುಪಾಲು ಕಂಪೆನಿಯೇ ಹೊರತು ಹಾಡಿದವನಲ್ಲ.

ಹೂಸ್ಟನ್ನಿನ ಮೇಗನ್ ದೀ ಸ್ಟಾಲಿಯನ್ ಎಂಬಾಕೆಯ ವಿವಾದ ಇದನ್ನು ಚೆನ್ನಾಗಿ ತೋರಿಸುತ್ತದೆ. 2018ರಲ್ಲಿ ಊರಿನ ಒಂದು ಸಣ್ಣ ಸಂಸ್ಥೆಯ ಕರಾರಿಗೆ ಆಕೆ ಸಹಿ ಹಾಕಿದ್ದಳು. 2020ರ ಮಾರ್ಚಿನಲ್ಲಿ ನ್ಯಾಯಾಲಯಕ್ಕೆ ಕೊಟ್ಟ ದೂರಿನ ಪ್ರಕಾರ, ಧ್ವನಿಮುದ್ರಿಕೆಯ ಆದಾಯದಲ್ಲಿ ನೂರಕ್ಕೆ 60 ಸಂಸ್ಥೆಗೆ, ಬರೆದ ಸಾಹಿತ್ಯದ ಹಕ್ಕಿನಲ್ಲಿ ಅರ್ಧ ಸಂಸ್ಥೆಗೆ, ಕಾರ್ಯಕ್ರಮಗಳ ಗಳಿಕೆಯಲ್ಲಿ ನೂರಕ್ಕೆ 30 ಕೂಡ ಸಂಸ್ಥೆಗೇ. ಎಳೆಯ ವಯಸ್ಸಿನಲ್ಲಿ ಸಹಿ ಹಾಕಿದಾಗ ಅದರಲ್ಲಿ ಏನೇನಿದೆಯೆಂದು ತನಗೆ ತಿಳಿದಿರಲಿಲ್ಲವೆಂದೂ, ಮುಂದೆ ಬೇರೆ ವ್ಯವಸ್ಥಾಪಕರು ಓದಿ ಹೇಳಿದಾಗಲಷ್ಟೇ ಗೊತ್ತಾಯಿತೆಂದೂ ಆಕೆ ಹೇಳಿಕೊಂಡಳು. ಸಂಸ್ಥೆ ಅನ್ಯಾಯದ ಆರೋಪವನ್ನು ಒಪ್ಪಲಿಲ್ಲ. ಹೊಸ ಹಾಡುಗಳನ್ನು ಹೊರತರುವುದಕ್ಕೇ ನ್ಯಾಯಾಧೀಶರ ತಾತ್ಕಾಲಿಕ ಆಜ್ಞೆ ಬೇಕಾಯಿತು. 2023ರ ಅಕ್ಟೋಬರಿನಲ್ಲಿ ರಾಜಿಯಾಗುವವರೆಗೆ ಮೂರೂವರೆ ವರ್ಷ ವ್ಯಾಜ್ಯ ನಡೆಯಿತು.

ಹಣಕ್ಕಿಂತಲೂ ಕಠಿಣವಾದದ್ದು ಈ ತಡೆಹಿಡಿಯುವ ಅಧಿಕಾರ. ನ್ಯೂ ಆರ್ಲಿಯನ್ಸಿನ ಲಿಲ್ ವೇನ್ ಬಾಲಕನಾಗಿದ್ದಾಗಲೇ ತನ್ನೂರಿನ 'ಕ್ಯಾಶ್ ಮನಿ' ಸಂಸ್ಥೆಯನ್ನು ಸೇರಿದವನು. ಆ ಸಂಸ್ಥೆಯನ್ನು ಶ್ರೀಮಂತಗೊಳಿಸಿದವರಲ್ಲಿ ಪ್ರಮುಖ. ಆತನ ಹೊಸ ಸಂಪುಟ 2014ರಲ್ಲಿ ಬರಬೇಕಾಗಿತ್ತು. ಸಂಸ್ಥೆ ಅದನ್ನು ಹೊರಡಿಸಲಿಲ್ಲ. ಬಾಕಿ ಹಣ ಮತ್ತು ಬಿಡುಗಡೆ ಕೋರಿ 2015ರ ಜನವರಿಯಲ್ಲಿ ಆತ 5.1 ಕೋಟಿ ಡಾಲರುಗಳ ದಾವೆ ಹೂಡಿದ. 2018ರಲ್ಲಿ ರಾಜಿಯಾಗಿ, ಸೆಪ್ಟೆಂಬರಿನಲ್ಲಿ ಸಂಪುಟ ಹೊರಬರುವಾಗ ನಾಲ್ಕು ವರ್ಷ ಕಳೆದಿತ್ತು. ಲಿಲ್ ವೇನ್ ಅದಾಗಲೇ ಹೆಸರು ಮಾಡಿದವನಾದುದರಿಂದ ತಾಳಿಕೊಂಡ. ಈಗಷ್ಟೇ ತಲೆಯೆತ್ತುತ್ತಿರುವ ಹಾಡುಗಾರನನ್ನು ನಾಲ್ಕು ವರ್ಷ ಸುಮ್ಮನೆ ಕೂರಿಸಿದರೆ ಜನ ಅವನನ್ನು ಮರೆತೇಬಿಡುತ್ತಾರೆ. ಇಲ್ಲೊಂದು ವಿಪರ್ಯಾಸವಿದೆ. ಇದೇ ಕ್ಯಾಶ್ ಮನಿ ಸಂಸ್ಥೆ 1998ರಲ್ಲಿ ಯೂನಿವರ್ಸಲ್ ಕಂಪೆನಿಯೊಂದಿಗೆ 3 ಕೋಟಿ ಡಾಲರುಗಳ ಒಪ್ಪಂದ ಮಾಡಿಕೊಳ್ಳುವಾಗ ಮೂಲಮುದ್ರಿಕೆಗಳ ಒಡೆತನವನ್ನು ಬಿಟ್ಟುಕೊಟ್ಟಿರಲಿಲ್ಲ. ಒಡೆತನದ ಬೆಲೆ ಏನೆಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಕಂಪೆನಿಗಳ ಪರವಾಗಿಯೂ ಹೇಳಬೇಕಾದದ್ದಿದೆ. ಮುಂಗಡ ಪಡೆದ ಹಾಡುಗಾರರಲ್ಲಿ ಹೆಚ್ಚಿನವರ ಹಾಡು ಓಡುವುದಿಲ್ಲ. ಆಗ ಕೊಟ್ಟ ಹಣ ಮುಳುಗಿತು. ಹಾಡುಗಾರನ ಮನೆಮಾರು ಜಪ್ತಿ ಮಾಡಿ ವಸೂಲು ಮಾಡುವ ಕ್ರಮ ಸಾಮಾನ್ಯವಾಗಿ ಇಲ್ಲ. ಹತ್ತು ಮಂದಿಯಲ್ಲಿ ಕಳಕೊಂಡದ್ದನ್ನು ಒಬ್ಬನಲ್ಲಿ ಹಿಂದೆ ಪಡೆಯದಿದ್ದರೆ ಉದ್ಯಮ ನಡೆಯುವುದಾದರೂ ಹೇಗೆ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ನಷ್ಟದ ಭಯಕ್ಕೆ ಹೆಚ್ಚಿನ ಪಾಲು ಕೇಳುವುದು ಒಂದು. ಹಾಕಿದ ಹಣ ಲಾಭಸಹಿತ ಬಂದ ಮೇಲೂ ಶಾಶ್ವತ ಒಡೆತನವನ್ನು ಇಟ್ಟುಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಈ ವಾದದಲ್ಲಿ ಸಮರ್ಥನೆ ಸಿಗುವುದಿಲ್ಲ. ಮಾತ್ರವಲ್ಲ, ಒಡೆತನ ಬಿಟ್ಟುಕೊಡದೆಯೂ ವ್ಯಾಪಾರ ಸಾಧ್ಯವೆಂದು ಕೆಲವರು ತೋರಿಸಿಕೊಟ್ಟಿದ್ದಾರೆ. ನ್ಯೂ ಆರ್ಲಿಯನ್ಸಿನವನೇ ಆದ ಮಾಸ್ಟರ್ ಪಿ 1996ರಲ್ಲಿ ದೊಡ್ಡ ಕಂಪೆನಿಗೆ ಹಂಚಿಕೆಯ ಕೆಲಸವನ್ನಷ್ಟೇ ವಹಿಸಿ ಮುದ್ರಿಕೆಗಳನ್ನು ತನ್ನಲ್ಲೇ ಇರಿಸಿಕೊಂಡ. ಲಾಸ್ ಏಂಜಲಿಸಿನ ನಿಪ್ಸಿ ಹಸಲ್ 2013ರಲ್ಲಿ ತನ್ನ ಸಂಪುಟವನ್ನು ಅಂತರ್ಜಾಲದಲ್ಲಿ ಪುಕ್ಕಟೆ ಬಿಟ್ಟು, ಅದರ ಒಂದು ಸಾವಿರ ಮುದ್ರಿತ ಪ್ರತಿಗಳನ್ನು ತಲಾ 100 ಡಾಲರಿಗೆ ತಾನೇ ಮಾರಿದ. ಹೆಸರಾಂತ ಜೇ-ಜೀ ಒಬ್ಬನೇ ನೂರು ಪ್ರತಿ ಕೊಂಡ. ಷಿಕಾಗೋದ ಚಾನ್ಸ್ ಯಾವ ಕಂಪೆನಿಯ ಸಹಿಯೂ ಇಲ್ಲದೆ 2017ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದ. ಎರಡು ವಾರಗಳ ಮಟ್ಟಿಗೆ ತನ್ನ ಸಂಪುಟವನ್ನು ಆಪಲ್ ಸಂಸ್ಥೆಯಲ್ಲಿ ಮಾತ್ರ ಕೇಳಿಸಲು 5 ಲಕ್ಷ ಡಾಲರು ಪಡೆದುದನ್ನು ಆತನೇ ತಿಳಿಸಿದ್ದಾನೆ. ಎರಡೇ ವಾರ, ಶಾಶ್ವತವಾಗಿ ಅಲ್ಲ. ಇಂತಹವರು ವಿರಳ ಎಂಬುದೂ ನಿಜ. ಪ್ರಚಾರವನ್ನೂ ಲೆಕ್ಕವನ್ನೂ ಹಾಡನ್ನೂ ಒಬ್ಬನೇ ನಿಭಾಯಿಸುವುದು ಎಲ್ಲರಿಗೂ ಆಗುವ ಮಾತಲ್ಲ.

ಆದುದರಿಂದಲೇ ಕಾನೂನಿನ ಆಸರೆ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಯಾರನ್ನೂ ಏಳು ವರ್ಷಕ್ಕಿಂತ ಹೆಚ್ಚು ಕಾಲ ಸೇವಾ ಕರಾರಿನಲ್ಲಿ ಕಟ್ಟಿಹಾಕಬಾರದೆಂಬ ನಿಯಮವಿದೆ. ಚಲನಚಿತ್ರ ನಟಿ ಒಲಿವಿಯಾ ಡಿ ಹ್ಯಾವಿಲ್ಯಾಂಡ್ 1944ರಲ್ಲಿ ಈ ನಿಯಮದ ಬಲದಿಂದಲೇ ವಾರ್ನರ್ ಕಂಪೆನಿಯ ವಿರುದ್ಧ ಗೆದ್ದಳು. ಆದರೆ 1987ರಲ್ಲಿ ಧ್ವನಿಮುದ್ರಣದವರ ಒತ್ತಾಯದಿಂದ ಅದಕ್ಕೊಂದು ವಿನಾಯಿತಿ ಸೇರಿತು: ಒಪ್ಪಿದಷ್ಟು ಸಂಪುಟಗಳನ್ನು ಕೊಡದೆ ಹೊರಟ ಹಾಡುಗಾರನಿಂದ ಕಂಪೆನಿ ನಷ್ಟಪರಿಹಾರ ಕೇಳಬಹುದು. ನಟನಿಗೆ ಸಿಕ್ಕ ಬಿಡುಗಡೆ ಹಾಡುಗಾರನಿಗೆ ಇಲ್ಲ. ಅದನ್ನು ತೆಗೆದುಹಾಕಲು 2022ರಲ್ಲಿ ನಡೆದ ಯತ್ನವೂ ಫಲಿಸಲಿಲ್ಲ.

ನಮ್ಮ ದೇಶದ ಸ್ಥಿತಿ ಕೆಲವು ವಿಷಯಗಳಲ್ಲಿ ಉತ್ತಮವಿದೆ, ಆದರೆ ಇದನ್ನು ಬಲ್ಲವರು ಕಡಿಮೆ. ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯಂತೆ ಹಾಡಿನ ಸಾಹಿತ್ಯ ಬರೆದವನೂ ಸಂಗೀತ ರಚಿಸಿದವನೂ ರಾಯಲ್ಟಿಯಲ್ಲಿ ತಮಗಿರುವ ಸಮಪಾಲನ್ನು ಕಂಪೆನಿಗೆ ಬರೆದುಕೊಡುವಂತಿಲ್ಲ. ಬರೆದುಕೊಟ್ಟರೂ ಅದು ಊರ್ಜಿತವಲ್ಲ. ರಾಪ್ ಹಾಡುವವನು ಹೆಚ್ಚಾಗಿ ತನ್ನ ಸಾಹಿತ್ಯವನ್ನು ತಾನೇ ಬರೆಯುವುದರಿಂದ ಇದು ಅವನಿಗೆ ನೇರವಾಗಿ ಅನ್ವಯಿಸುತ್ತದೆ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಕಾಣಿಸದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶ ಕಾಣಿಸದಿದ್ದರೆ ಭಾರತದ ಒಳಗೆ ಮಾತ್ರವೆಂದೂ ಕಾಯಿದೆಯೇ ಹೇಳುತ್ತದೆ. ಬೇರೆ ಷರತ್ತು ಇಲ್ಲದಿದ್ದಲ್ಲಿ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೆ ಬಿಟ್ಟರೆ ಆ ವರ್ಗಾವಣೆ ಬಿದ್ದುಹೋಗುತ್ತದೆ. ಕಂಪೆನಿಗಳ ಪತ್ರದಲ್ಲಿ 'ಸಾರ್ವಕಾಲಿಕವಾಗಿ, ಜಗತ್ತಿನಾದ್ಯಂತ' ಎಂಬರ್ಥದ ಮಾತು ತಪ್ಪದೆ ಇರುವುದೂ ಈ ಕಾರಣದಿಂದಲೇ. ಆ ಮಾತು ಕಂಡಲ್ಲಿ ಪೆನ್ನು ಕೆಳಗಿಡಬೇಕು. ಹದಿನೆಂಟು ತುಂಬದ ಹುಡುಗನ ಸಹಿಗೆ ನಮ್ಮ ಕರಾರು ಕಾಯಿದೆಯಲ್ಲಿ ಬೆಲೆಯಿಲ್ಲವಾದುದರಿಂದ, ಕಾಗದ ತಂದೆತಾಯಿಯ ಮುಂದೆಯೇ ಬರುತ್ತದೆ. ಅದು ಇಂಗ್ಲಿಷಿನಲ್ಲಿರುತ್ತದೆ. ಅರಿಯದ ಭಾಷೆಯ ಕಾಗದಕ್ಕೆ ಸಹಿ ಹಾಕುವ ಕಷ್ಟವನ್ನು ಕಛೇರಿಯ ಕಿಟಕಿಗಳ ಮುಂದೆ ನಿಂತು ಉಂಡ ಗಡಿನಾಡ ಕನ್ನಡಿಗರಿಗೆ ಅದನ್ನು ಬೇರೆ ವಿವರಿಸಬೇಕಾಗಿಲ್ಲ. ಸಾಲಿಗೆ ಸಾಲು ಕನ್ನಡದಲ್ಲಿ ಓದಿ ಹೇಳುವ ವಕೀಲನನ್ನು ಹುಡುಕಿಕೊಂಡು ಕಾಸರಗೋಡಿಗೋ ಮಂಗಳೂರಿಗೋ ಒಂದು ದಿನ ಹೋಗಿಬಂದರೆ ಬಸ್ಸಿನ ದುಡ್ಡು ವ್ಯರ್ಥವಾಗದು. ನಾಳೆಯೇ ಸಹಿ ಹಾಕದಿದ್ದರೆ ಅವಕಾಶ ತಪ್ಪೀತೆಂದು ಅವಸರಪಡಿಸುವವನ ಬಗ್ಗೆ ಒಂದಿಷ್ಟು ಸಂಶಯವಿರಲಿ.

ಹಾಕಿದ ಸಹಿಯನ್ನು ಬಿಡಿಸಿಕೊಳ್ಳಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಅಮೆರಿಕದ್ದೇ ಒಂದು ಪ್ರಕರಣವಿದೆ. 1978ರಿಂದ ಈಚೆಗೆ ಬರೆದುಕೊಟ್ಟ ಹಕ್ಕನ್ನು 35 ವರ್ಷಗಳ ಬಳಿಕ ಕಲಾವಿದ ಮರಳಿ ಪಡೆಯಬಹುದೆಂದು ಅಲ್ಲಿನ ಕೃತಿಸ್ವಾಮ್ಯ ಕಾಯಿದೆ ಹೇಳುತ್ತದೆ. ಕಂಪೆನಿಯ ನೌಕರನಾಗಿ ಮಾಡಿದ ಕೆಲಸಕ್ಕೆ ಮಾತ್ರ ಅದು ಸಲ್ಲದು. ಮಯಾಮಿಯ 'ಟೂ ಲೈವ್ ಕ್ರೂ' ಎಂಬ ರಾಪ್ ತಂಡದವರು 1980ರ ದಶಕದಲ್ಲಿ ಹಾಡಿದ ಹಾಡುಗಳು ದಿವಾಳಿ ವಿಲೇವಾರಿಯೊಂದರಲ್ಲಿ ಬೇರೆಯವರ ಪಾಲಾಗಿದ್ದವು. ಅವನ್ನು ಹಿಂದೆ ಕೊಡಿರೆಂದು 2020ರಲ್ಲಿ ನೋಟೀಸು ಹೋಯಿತು. ನೀವು ಆಗ ನೌಕರರಾಗಿದ್ದಿರಿ, ಹಕ್ಕು ನಿಮ್ಮದಲ್ಲ ಎಂಬುದು ಎದುರು ಪಕ್ಷದ ವಾದಗಳಲ್ಲೊಂದು. 2024ರ ಅಕ್ಟೋಬರಿನಲ್ಲಿ ಜೂರಿ ಹಾಡುಗಾರರ ಪರವಾಗಿ ತೀರ್ಮಾನ ಕೊಟ್ಟಿತು. ದಾವೆಯಲ್ಲಿದ್ದ ಮೂರು ಪಾಲುದಾರರಲ್ಲಿ ಒಬ್ಬನಾದ ಫ್ರೆಶ್ ಕಿಡ್ ಐಸ್ 2017ರಲ್ಲೇ ತೀರಿಕೊಂಡಿದ್ದ. ಅವನ ಪರವಾಗಿ ವಾರಸುದಾರರು ನಿಂತಿದ್ದರು. ಎರಡನೆಯವನಾದ ಬ್ರದರ್ ಮಾರ್ಕ್ವಿಸ್ ಆ ವರ್ಷದ ಜೂನಿನಲ್ಲಿ, ತೀರ್ಪಿಗೆ ನಾಲ್ಕು ತಿಂಗಳಿರುವಾಗ ನಿಧನನಾದ.